ಖಾಲಿ ಹೊಟ್ಟೆ

ಬಲಗೈಗೆ ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸಿದ್ದರಿಂದ ಸಮನ್ವಿತಾ ಮೊದಲು ಎಡಗೈ ಚಾಚಿದ್ದಳು. ಪ್ರಸಾದಕ್ಕೆ ಎಡಗೈ ನೀಡಬಾರದೆಂಬುದು ನ್ಯೂಜಿಲೆಂಡಿನಲ್ಲಿ ಹುಟ್ಟಿ ಬೆಳೆದವಳಿಗೆ ಹೇಗೆ ಹೊಳೆಯಿತೋ, ಕೂಡಲೇ ಹಿಂದಕ್ಕೆಳೆದುಕೊಂಡು, ಏನು ಮಾಡುವುದೆಂದು ತಿಳಿಯದೆ ಅತ್ತೆಯ ಮುಖ ನೋಡಿ, ಸುಮ್ಮನೆ ಬಾಯಿ ತೆರೆದಿದ್ದಳು. ಪುತ್ತೂರಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊರಗೆ, ಸಾಲಾಗಿ ಜೋಡಿಸಿದ ಕಬ್ಬಿಣದ ಕುರ್ಚಿಯೊಂದರಲ್ಲಿ ಕೂತ ಮೂಕಾಂಬಿಕಾ ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದಳು. ಮೂವತ್ತು ದಾಟಿದ ಹೆಣ್ಣು, ಒಬ್ಬಳೇ ವಿಮಾನಗಳನ್ನು ಬದಲಿಸುತ್ತ ಸಮುದ್ರ ದಾಟಿ ಬಂದವಳು, ಹಾಗೆ ಮಗುವಿನಂತೆ ಬಾಯಿ ತೆರೆದದ್ದು ಕಂಡು ಮೊದಲು ನಗು ಬಂದಿತ್ತು, ಆಮೇಲೆ ಕಣ್ಣು ತುಂಬಿತ್ತು. ಬಾಳೆಲೆಯ ತುಂಡಿನಲ್ಲಿದ್ದ ಪಂಚಕಜ್ಜಾಯವನ್ನು ಬೆರಳುಗಳಲ್ಲಿ ಹಿಡಿದು ಬಾಯಿಗಿಟ್ಟಾಗ ಅವಳ ತುಟಿ ಬೆರಳಿಗೆ ತಾಗಿತ್ತು. ತಮ್ಮನ ಮಗಳನ್ನು, ಅವಳು ಅಂಬೆಗಾಲಿಡುವಾಗ ಒಮ್ಮೆ ಊರಿಗೆ ಕರೆತಂದಿದ್ದುದು ಬಿಟ್ಟರೆ, ಮೂಕಾಂಬಿಕಾ ಮುಟ್ಟಿದ್ದು ಅದೇ ಮೊದಲು. ಬಂದ ದಿನ ಅಪ್ಪಿಕೊಳ್ಳಬೇಕೆಂದು ತೋರಿತ್ತು. ಆದರೆ ಅಲ್ಲಿಯವರು ಹೇಗೋ, ಅಪ್ಪಿಕೊಂಡರೆ ಏನು ತಿಳಿಯುತ್ತಾರೋ ಎಂದು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ ಸುಮ್ಮನೆ ನಿಂತಿದ್ದಳು.

ಮಡಿಲಲ್ಲಿ ಈಗ ಆ ಹುಡುಗಿಯ ಕನ್ನಡಕ, ಕರವಸ್ತ್ರದಲ್ಲಿ ಗಂಟು ಕಟ್ಟಿದ ಕಿವಿಯೋಲೆ, ಮೊಬೈಲು ಇದ್ದವು. ಮೊಬೈಲು ಆಗಾಗ ಬೆಳಗಿ ಆರುತ್ತಿತ್ತು. ಇಂಗ್ಲಿಷಿನಲ್ಲಿ ಏನೇನೋ ಬರುತ್ತಿತ್ತು, ಹೂವಿನ ಚಿತ್ರ, ಹೃದಯದ ಚಿತ್ರ. ಇಷ್ಟು ಜನ ಅಲ್ಲಿಂದ ಹೃದಯ ಕಳಿಸುತ್ತಾರೆ, ಒಬ್ಬರಾದರೂ ಒಟ್ಟಿಗೆ ಬರಬಾರದಿತ್ತೇ ಎಂದು ಮೂಕಾಂಬಿಕೆಗೆ ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲಿ ಸಣ್ಣದೊಂದು ಸಂತೋಷವೂ ಇತ್ತು. ಯಾರೂ ಬರದೆ ಇದ್ದುದರಿಂದಲೇ ಅಲ್ಲವೇ ತಾನಿಲ್ಲಿ ಕೂತಿರುವುದು. ಅಂಥ ಸಂತೋಷ ಪಡುವುದು ತಪ್ಪೆಂದು ಅವಳು ಕಿವಿಯೋಲೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆದರೆ ಮನಸ್ಸು ನಿಂತದ್ದು ಬೇರೆ ಕಡೆ. ಸ್ಟ್ರೆಚರ್ ಒಳಗೆ ಹೋಗುವ ಮೊದಲು ಹುಡುಗಿ ತನ್ನನ್ನು ನೋಡಿದ ರೀತಿ ಸರಿಯಿರಲಿಲ್ಲ. ಹೆದರಿಕೆಯ ನೋಟ ಅಂದುಕೊಂಡಿದ್ದಳು. ಆದರೆ ಹೆದರಿದವರು ಬೇರೆಯವರನ್ನು ಸಮಾಧಾನ ಮಾಡುವಂತೆ ಮುಗುಳ್ನಗುತ್ತಾರೆಯೇ?

ಕಳೆದ ಸೋಮವಾರ ಫೋನು ಬಂದಾಗ ಮೂಕಾಂಬಿಕಾ ಬೆಳ್ಳಾರೆಯ ಮನೆಯಲ್ಲಿ ನೀರುದೋಸೆಗೆ ಅಕ್ಕಿ ಕಡೆಯುತ್ತಿದ್ದಳು. ಗ್ರೈಂಡರಿನ ಸದ್ದಿನಲ್ಲಿ "ನಾನು ಸಮನ್ವಿತಾ" ಎಂದದ್ದು ಕೇಳಿಸಿದರೂ ತಲೆಗೆ ಹೋಗಲಿಲ್ಲ. ಬ್ಯಾಂಕಿನ ಹೆಸರು ಹೇಳಿ ನಂಬರು ಕೇಳುವವರ ಕಾಟ ಇದ್ದೇ ಇತ್ತು. "ನಮಗೆ ಯಾವ ಕಾರ್ಡೂ ಬೇಡ ಮಾರಾಯ್ತಿ" ಎಂದು ಇಟ್ಟುಬಿಟ್ಟಳು. ಮತ್ತೆ ಬಂತು. "ಅತ್ತೆ, ನಾನು ಶ್ಯಾಮನ ಮಗಳು. ಪುತ್ತೂರಲ್ಲಿದ್ದೀನಿ." ಶ್ಯಾಮ ಎಂಬ ಹೆಸರು ಕೇಳಿ ಅವಳು ಗ್ರೈಂಡರ್ ಆರಿಸಿದಳು. ತಮ್ಮ ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ದನಗಳ ಡಾಕ್ಟರಾಗಿ ಆ ದೇಶಕ್ಕೆ ಹೋದವನು, ಇಲ್ಲಿ ಹಟ್ಟಿಯಲ್ಲಿ ದನ ಕರು ಹಾಕುವಾಗ ಕೈ ಹಾಕಲು ಹೇಸುತ್ತಿದ್ದ ಹುಡುಗ, ಅಲ್ಲಿ ಸಾವಿರಗಟ್ಟಲೆ ದನಗಳ ನಡುವೆ ಬದುಕಿ ಅಲ್ಲಿಯೇ ಬೂದಿಯಾದ. ಅವನ ಹೆಂಡತಿ, ಮೈಸೂರಿನ ಕಡೆಯವಳು, ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಉಳಿದದ್ದು ಈ ಹುಡುಗಿ. ಹಬ್ಬಕ್ಕೊಂದು ಮೆಸೇಜು, ವರ್ಷಕ್ಕೊಮ್ಮೆ ಫೋಟೋ. ಪಿತ್ತಕೋಶದಲ್ಲಿ ಕಲ್ಲು ಉಂಟು, ಆಪರೇಷನ್ ಮಾಡಿಸಲು ಬಂದಿದ್ದೇನೆ, ಎಲ್ಲ ಗೊತ್ತು ಮಾಡಿಯಾಗಿದೆ, ಆದರೆ ಒಟ್ಟಿಗೆ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಹಟ ಹಿಡಿದಿದ್ದಾರೆ ಎಂದು ಅವಳು ನಿಧಾನವಾಗಿ, ಪಾಠ ಒಪ್ಪಿಸುವಂತೆ ಹೇಳಿದಳು. "ನಿಮಗೆ ತೊಂದರೆ ಆಗುತ್ತೆ ಅಂತ ಗೊತ್ತು" ಎಂದಳು. ಲಾಡ್ಜಿನಲ್ಲಿ ಇದ್ದಾಳಂತೆ. ಬೆಳ್ಳಾರೆಯಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಪುತ್ತೂರು, ಅಲ್ಲಿ ಶ್ಯಾಮನ ಮಗಳು ಲಾಡ್ಜಿನಲ್ಲಿ! ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯೇ ಸುಳ್ಳಾಯಿತಲ್ಲ ಎಂದು ಮೂಕಾಂಬಿಕೆಗೆ ಅನ್ನಿಸಿತು.

ಗಂಡ ಮಹಾಲಿಂಗ ಭಟ್ಟರು ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿಸಿಕೊಂಡು, "ಸಂಕಟ ಬಂದಪ್ಪಗ ವೆಂಕಟರಮಣ. ಈಗ ನೀನೇ ವೆಂಕಟರಮಣ, ಹೆರಡು" ಎಂದು ಹೊರಡಲು ಹೇಳಿ ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಸ್ಪತ್ರೆಯವರು ಕೇಳದೆ ಇದ್ದರೆ ಅವಳು ಬಂದು ಹೋದದ್ದು ತಮಗೆ ತಿಳಿಯುತ್ತಲೇ ಇರಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಚೀಲಕ್ಕೆ ಚಾಪೆ, ಹೊದಿಕೆ, ಫ್ಲಾಸ್ಕು, ಅವಲಕ್ಕಿಯ ಡಬ್ಬಿ, ಜೀರಿಗೆ ಕಷಾಯದ ಪುಡಿ ತುಂಬಿಸುತ್ತ ಮೂಕಾಂಬಿಕಾ ಒಮ್ಮೆ ಬೇಸರಪಟ್ಟಳು, ಒಮ್ಮೆ ಹಿಗ್ಗಿದಳು. ಬಸ್ಸಿನಲ್ಲಿ ಪರಿಚಯದವರು ಎಲ್ಲಿಗೆ ಎಂದು ಕೇಳಿದಾಗ "ತಮ್ಮನ ಮಗಳು ಬಂದಿದ್ದಾಳೆ ಫಾರಿನ್ನಿಂದ, ಅವಳೊಟ್ಟಿಗೆ ಇರ್ಲಿಕ್ಕೆ" ಎಂದು ಸ್ವಲ್ಪ ದೊಡ್ಡ ಸ್ವರದಲ್ಲಿಯೇ ಹೇಳಿದ್ದಳು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಸ್ಪತ್ರೆಗೆ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಹುಡುಗಿ ಅಮ್ಮನ ಕನ್ನಡ ಮಾತಾಡುತ್ತಿದ್ದಳು, ಬಾ ಅನ್ನುವಲ್ಲಿ ಬನ್ನಿ, ಕೊಡು ಅನ್ನುವಲ್ಲಿ ಕೊಡಿ. ಅದಕ್ಕೆ ಸರಿಯಾಗಿ ಮೂಕಾಂಬಿಕೆಯ ನಾಲಿಗೆಯೂ ಗಂಡನ ಹತ್ತಿರ, ತಮ್ಮನ ಹತ್ತಿರ ಆಡಿ ಬಂದ ಮನೆಮಾತನ್ನು ಮಡಚಿಟ್ಟು, ಪೇಟೆಯವರ ಹತ್ತಿರ, ಬ್ಯಾಂಕಿನವರ ಹತ್ತಿರ ಆಡುವ ಕನ್ನಡವನ್ನು ಹೊರಗೆ ತೆಗೆಯಿತು. ಒಮ್ಮೆ ಹಾಗೆ ಸುರುವಾದದ್ದು ಮತ್ತೆ ಬದಲಾಗಲೇ ಇಲ್ಲ. ಒಡಹುಟ್ಟಿದವನ ಮಗಳ ಹತ್ತಿರ ನೆಂಟರ ಹತ್ತಿರ ಮಾತಾಡುವಂತೆ ಮಾತು. ಅದಕ್ಕಿಂತ ಹೆಚ್ಚಾಗಿ, ಹುಡುಗಿ ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದಳು. ನೀರು ಕೊಟ್ಟರೆ ಥ್ಯಾಂಕ್ಸ್, ಹೊದಿಕೆ ಸರಿಮಾಡಿದರೆ ಥ್ಯಾಂಕ್ಸ್, ಫ್ಯಾನು ಆರಿಸಿದರೆ ಥ್ಯಾಂಕ್ಸ್. ಪ್ರತಿ ಥ್ಯಾಂಕ್ಸಿಗೂ ಮೂಕಾಂಬಿಕಾ ಒಂದು ಹೆಜ್ಜೆ ಹಿಂದೆ ಸರಿದಂತೆ ಆಗುತ್ತಿತ್ತು. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ? ಮದುವೆಯಾಗಿ ಇಷ್ಟು ಕಾಲವಾದರೂ ಭಟ್ಟರು ಒಂದು ಲೋಟ ನೀರಿಗೆ ಒಳ್ಳೆಯ ಮಾತು ಆಡಿದವರಲ್ಲ. ನೀರು ಬಿಸಿಯಾಗಿಲ್ಲ ಎಂದು ಗೊಣಗುವುದೇ ಅವರ ಪ್ರೀತಿ.

ನಿನ್ನೆ ಸಂಜೆ ಮಾತ್ರ ಹುಡುಗಿ ಸ್ವಲ್ಪ ಬಿಚ್ಚಿ ಮಾತಾಡಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ಸರದಿ ಬರಲು ವರ್ಷ ಬೇಕಂತೆ, ಜೀವ ಹೋಗುವ ಕಾಯಿಲೆಯಲ್ಲವಾದ್ದರಿಂದ ಕಾಯಬೇಕಂತೆ. ನೋವು ಬಂದರೆ ಬೆನ್ನಿನಿಂದ ಭುಜದವರೆಗೆ ಹಿಡಿದು ಉಸಿರೇ ನಿಂತಂತೆ ಆಗುತ್ತದಂತೆ. ಒಮ್ಮೆ ಅಂಗಡಿಯಲ್ಲಿ ಸಾಮಾನು ತೆಗೆಯುತ್ತಿರುವಾಗ ನೋವು ಬಂದು ಅಕ್ಕಿಮೂಟೆಗಳ ಪಕ್ಕ ನೆಲದಲ್ಲಿ ಕೂತುಬಿಟ್ಟಳಂತೆ. ಜನ ತಳ್ಳುಗಾಡಿ ದೂಡಿಕೊಂಡು ಸುತ್ತಿಬಳಸಿ ಹೋಗುತ್ತಿದ್ದರಂತೆ. "ಅಷ್ಟೂ ಜನ ಒಳ್ಳೆಯವರೇ ಅತ್ತೆ. ಒಬ್ಬರು ಕೇಳಿದರು, ಆರ್ ಯು ಓಕೆ ಅಂತ. ನಾನೇ ಓಕೆ ಅಂದೆ." ಅದನ್ನು ಹೇಳಿ ಅವಳು ನಕ್ಕಳು. ಅಪ್ಪ ಯಾವಾಗಲೂ ಪುತ್ತೂರು ಪುತ್ತೂರು ಅನ್ನುತ್ತಿದ್ದುದರಿಂದ ಇಲ್ಲಿಗೇ ಬರಬೇಕೆನಿಸಿತಂತೆ. "ಹಾಗಾದ್ರೆ ನಮಗೆ ಒಂದು ಫೋನು ಮಾಡ್ಲಿಕ್ಕೆ ಎಂತ?" ಎಂದು ಮೂಕಾಂಬಿಕಾ ಕೊನೆಗೂ ಕೇಳಿಬಿಟ್ಟಳು. ಹುಡುಗಿ ಹೊದಿಕೆಯ ಅಂಚನ್ನು ಹಿಡಿದು, "ಅಪ್ಪ ಹೋದಾಗ ನಿಮಗೆ ಒಂದು ಫೋನ್ ಮಾಡಿ ಹೇಳಿದ್ದು ಬಿಟ್ಟರೆ ನಾನು ಏನೂ ಮಾಡಲಿಲ್ಲ. ಈಗ ನನಗೆ ಬೇಕಾದಾಗ ಬಂದು ನಿಲ್ಲೋದು ಹೇಗೆ ಅನ್ನಿಸಿತು" ಎಂದಳು. ಅದಕ್ಕೆ ಏನು ಹೇಳಬೇಕಿತ್ತೋ ಅದು ಆ ಪೇಟೆ ಕನ್ನಡದಲ್ಲಿ ಸಿಗಲಿಲ್ಲ. ಅಷ್ಟರಲ್ಲಿ ದೀಪ್ತಿ ಎಂಬ ನರ್ಸ್ ಬಂದು, ರಾತ್ರಿ ಗಂಜಿ ಕುಡಿದ ಮೇಲೆ ಎಂತದೂ ಇಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆ, ನೀರು ಕೂಡ ಬೇಡ ಎಂದು ಹೇಳಿ ಹೋದಳು. ಮೂಕಾಂಬಿಕಾ ತಲೆಯಾಡಿಸಿದಳು. ಖಾಲಿ ಹೊಟ್ಟೆ ಅವಳಿಗೆ ಗೊತ್ತಿಲ್ಲದ್ದೇ? ಶಿವರಾತ್ರಿ, ಅಷ್ಟಮಿ, ಶನಿವಾರದ ಒಪ್ಪತ್ತು ಎಲ್ಲ ಮಾಡಿ ಬಂದವಳು. ಫ್ಲಾಸ್ಕನ್ನು, ಕಷಾಯದ ಪುಡಿಯನ್ನು ಕಣ್ಣಿಗೆ ಕಾಣದಂತೆ ಚೀಲದ ಅಡಿಗೆ ಹಾಕಿಟ್ಟಳು.

ಬೆಳಿಗ್ಗೆ ಹುಡುಗಿ ಏಳುವ ಮೊದಲೇ ಮೂಕಾಂಬಿಕಾ ಸ್ನಾನ ಮಾಡಿ ಪುತ್ತೂರ ದೇವರಲ್ಲಿಗೆ ಹೋಗಿ ಬಂದಿದ್ದಳು. ದೇವರ ಹೆಸರೂ ಗಂಡನ ಹೆಸರೂ ಒಂದೇ, ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಆದ್ದರಿಂದ ಅವಳಿಗೆ ಮದುವೆಯಾದಂದಿನಿಂದಲೂ ಅದು ಬರೀ ಪುತ್ತೂರ ದೇವರು. ಪ್ರಸಾದ ಕೊಡುವಾಗ ಅರ್ಚಕರು ಯಾರ ಹೆಸರಿನಲ್ಲಿ ಎಂದು ಕೇಳಿದರು. ಹೆಸರು ಹೇಳಿದಳು, ನಕ್ಷತ್ರ ಗೊತ್ತಿರಲಿಲ್ಲ. ತಮ್ಮನ ಮಗಳ ನಕ್ಷತ್ರ ತನಗೆ ಗೊತ್ತಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ತುಂಬ ಚುಚ್ಚಿತು. ಆ ಚುಚ್ಚಿದ್ದಕ್ಕೇ ಇರಬೇಕು, ಒಂದು ಚಿಟಿಕೆ ಕೊಡಬೇಕಾದಲ್ಲಿ ಅವಳು ಮತ್ತೆ ಮತ್ತೆ ಕೊಟ್ಟದ್ದು. ಹುಡುಗಿ ಮೊದಲನೆಯದನ್ನು ನುಂಗಿ, "ಅಪ್ಪ ಇದನ್ನ ಹೇಳ್ತಿದ್ದರು" ಎಂದಳು. ಇನ್ನೊಂದು ಕೊಟ್ಟಳು. ಬೆಲ್ಲ, ಎಳ್ಳು, ತೆಂಗಿನಕಾಯಿ, ತುಪ್ಪ. ಇನ್ನೊಂದು. ಎಲೆಯೇ ಖಾಲಿಯಾಯಿತು. ಜೊತೆಗಿದ್ದ ಬಾಳೆಹಣ್ಣನ್ನೂ ಅರ್ಧ ಮುರಿದು ತಿನ್ನಿಸಿ, ಪುಟ್ಟ ಬಾಟಲಿಯಲ್ಲಿ ತಂದಿದ್ದ ತೀರ್ಥವನ್ನು ಬಾಯಿಗೆ ಹೊಯ್ದಳು. ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ. ಮೂಕಾಂಬಿಕಾ ಅದನ್ನು ಗಮನಿಸಿದಳು, ಗಮನಿಸಿ ಒಳಗೊಳಗೇ ಕುಣಿದಳು.

ಅದಾಗಿ ಸ್ವಲ್ಪ ಹೊತ್ತಿಗೆ ಹಸಿರು ಟೊಪ್ಪಿಯ, ಮಂಪರು ಕೊಡುವ ಡಾಕ್ಟ್ರಮ್ಮ ಬಂದು, "ರಾತ್ರಿಯಿಂದ ಎಂತಾದ್ರೂ ತಿಂದಿದ್ದೀರಾ? ಕುಡಿದಿದ್ದೀರಾ?" ಎಂದು ಕೇಳಿದಾಗ ಹುಡುಗಿ ಬಾಯಿ ತೆರೆಯುವ ಮೊದಲೇ ಮೂಕಾಂಬಿಕಾ ಎದ್ದು ನಿಂತು, "ಎಂತದೂ ಇಲ್ಲ ಡಾಕ್ಟ್ರೆ, ಒಂದು ಹನಿ ನೀರು ಕೂಡ ಇಲ್ಲ. ನಾನೇ ನೋಡಿಕೊಂಡಿದ್ದೇನೆ" ಎಂದಳು. ಶಾಲೆಯಲ್ಲಿ ಸರಿಯುತ್ತರ ಕೊಟ್ಟವಳ ಹಾಗೆ ಹೇಳಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಗುಮಾನಿ ಕೂದಲಷ್ಟೂ ಇರಲಿಲ್ಲ. ಡಾಕ್ಟ್ರಮ್ಮ ಹುಡುಗಿಯತ್ತ ತಿರುಗಿದಾಗ ಅವಳು ಅತ್ತೆಯನ್ನು ನೋಡಿದಳು, ಆ ಸಮಾಧಾನದ ಮುಗುಳ್ನಗೆ ನಕ್ಕಳು, ತಲೆಯಾಡಿಸಿದಳು. ಸ್ಟ್ರೆಚರ್ ಹೊರಟಿತು.

"ಒಳಗೆ ಯಾರು ಅಮ್ಮ, ಮಗಳಾ?" ಎಂದು ಕೇಳಿದವನು ಪಕ್ಕದ ಕುರ್ಚಿಯ ಹಂಝ. ಕಡಬದ ಕಡೆಯವನು, ಇಚಿಲಂಪಾಡಿಯಲ್ಲಿ ರಬ್ಬರು ತೋಟ ಇದೆ ಎಂದು ಆಗಲೇ ಹೇಳಿದ್ದ. ಅವನ ಹೆಂಡತಿ ಇವಳ ನಂತರದ ಸರದಿಗೆ ಕಾಯುತ್ತ ವಾರ್ಡಿನಲ್ಲಿದ್ದಳು.

"ತಮ್ಮನ ಮಗಳು. ನನ್ನ ಮಗಳ ಹಾಗೇ" ಎಂದಳು ಮೂಕಾಂಬಿಕಾ.

"ನಮ್ಮದು ಕಳೆದ ವಾರವೇ ಆಗ್ಬೇಕಿತ್ತು. ಇವಳು ಎಂತ ಮಾಡಿದ್ದು ಗೊತ್ತುಂಟಾ? ಬೆಳಿಗ್ಗೆ ಮೆಲ್ಲ ಕ್ಯಾಂಟೀನಿಗೆ ಹೋಗಿ ಒಂದು ಚಾಯ, ಒಂದು ಬನ್ಸು. ನನಗೂ ಹೇಳ್ಲಿಲ್ಲ. ಸಮಾ ಬೈದು ವಾಪಸ್ ಕಳಿಸಿದ್ರು."

ಮೂಕಾಂಬಿಕಾ ನಕ್ಕಳು. "ಹೆಂಗಸರಿಗೆ ಒಂದು ಚಾಯ ಬಿಡ್ಲಿಕ್ಕೆ ಆಗುದಿಲ್ಲ ಅಂದ್ರೆ!"

"ನಾನೂ ಕೇಳಿದೆ ಮಾರಾಯ್ರೆ, ಒಂದು ಚಾಯಕ್ಕೆ ಎಂತ ಆಗ್ತದೆ ಅಂತ. ಅದಕ್ಕೆ ಆ ಡಾಕ್ಟ್ರಮ್ಮ ಹೇಳಿದ್ರು, ಮಂಪರು ಕೊಟ್ಟ ಮೇಲೆ ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬರ್ತದಂತೆ. ಬಂದದ್ದು ಉಸಿರಿನ ದಾರಿಗೆ ಹೋದ್ರೆ ಮತ್ತೆ ಜನ ಉಳಿಯುದು ಕಷ್ಟವಂತೆ. ಚಾಯಕ್ಕೂ ಒಂದೇ, ಬಿರಿಯಾನಿಗೂ ಒಂದೇ ಅಂತ."

ಹಂಝ ಹೇಳುತ್ತಲೇ ಹೋದ. ಮೂಕಾಂಬಿಕಾ ಹೂಂಗುಟ್ಟುತ್ತಿದ್ದಳು. ಪಾಪ, ತಿಳಿವಳಿಕೆ ಇಲ್ಲದ ಹೆಂಗಸು ಎಂದು ಅವನ ಹೆಂಡತಿಯ ಬಗ್ಗೆ ಮರುಕ ಪಡುತ್ತಿರುವಾಗಲೇ ಬೆರಳಿನ ಸಂದಿಯಲ್ಲಿ ಏನೋ ಅಂಟಂಟು ತಗುಲಿತು. ನೋಡಿದಳು. ಬೆಲ್ಲ. ಒಂದು ಎಳ್ಳು ಉಗುರಿನ ಬದಿಯಲ್ಲಿ ಅಂಟಿಕೊಂಡಿತ್ತು. ಅದು ಪ್ರಸಾದವಲ್ಲವೇ ಎಂದು ಮನಸ್ಸು ಕೂಡಲೇ ಹೇಳಿತು, ಎಷ್ಟು ಬೇಗ ಹೇಳಿತೆಂದರೆ ಯಾರೂ ಕೇಳದೆಯೇ ಹೇಳಿತು. ಪ್ರಸಾದ ತಿಂಡಿಯಲ್ಲ. ವ್ರತದ ದಿನ ಪೂಜೆಯಾಗದೆ ಬಾಯಿಗೆ ನೀರು ಹಾಕಬಾರದೆಂದು ಕೂತವರು ಕೂಡ ಪ್ರಸಾದ ಸ್ವೀಕರಿಸುತ್ತಾರೆ, ಅದರಿಂದ ಉಪವಾಸ ಮುರಿಯುವುದಿಲ್ಲ. ಶಿವರಾತ್ರಿಗೆ ಅನ್ನ ಉಣ್ಣುವುದಿಲ್ಲ, ಅವಲಕ್ಕಿ ತಿನ್ನುತ್ತಾರೆ, ಹಣ್ಣು ತಿನ್ನುತ್ತಾರೆ, ಹಾಲು ಕುಡಿಯುತ್ತಾರೆ, ಸಂಜೆ ಯಾರಾದರೂ ಕೇಳಿದರೆ ಉಪವಾಸ ಎಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಅವಳ ಅಜ್ಜಿ ಹೇಳುವುದಿತ್ತು, ಪ್ರಸಾದಕ್ಕೆ ಹೊಟ್ಟೆ ಬೇಡ, ನಾಲಿಗೆ ಸಾಕು ಎಂದು. ಆದರೆ ಅರ್ಧ ಬಾಳೆಹಣ್ಣು ಎಲ್ಲಿ ಹೋಯಿತು? ನಾಲಿಗೆಯಲ್ಲಿ ಉಳಿಯಿತೇ? ಒಂದು ಹಿಡಿ ಪಂಚಕಜ್ಜಾಯ, ತುಪ್ಪ, ಎಳ್ಳು, ಅದೆಲ್ಲ ಈಗ ಆ ಹುಡುಗಿಯ ಹೊಟ್ಟೆಯಲ್ಲಿ ಕೂತಿದೆ. ದೇವರ ಹೆಸರಿನಲ್ಲಿ ಹೋದರೂ ಹೊಟ್ಟೆಗೇ ಹೋದದ್ದು. ಆ ನೋಟ ಏನೆಂದು ಈಗ ತಿಳಿಯಿತು. ಹುಡುಗಿಗೆ ಗೊತ್ತಿತ್ತು.

ಎದ್ದು ನಿಂತವಳು ಮತ್ತೆ ಕೂತಳು. ಒಳಗೆ ಹೋಗಿ ಏನೆಂದು ಹೇಳುವುದು? ನಾನೇ ನೋಡಿಕೊಂಡಿದ್ದೇನೆ ಎಂದು ಎದೆ ತಟ್ಟಿ ಹೇಳಿದವಳು. ಈಗ ಹೇಳಿದರೆ ಆಪರೇಷನ್ ನಿಲ್ಲುತ್ತದೆ, ಮಂಗಳೂರಿನಿಂದ ಬರುವ ದೊಡ್ಡ ಡಾಕ್ಟರು ಸಿಟ್ಟಾಗುತ್ತಾರೆ, ಹುಡುಗಿ ಟಿಕೆಟು ಬದಲಿಸಬೇಕು, ರಜೆ ಮುಗಿಯುತ್ತದೆ. ಅವಳು ಇಷ್ಟು ದೂರ ಬಂದದ್ದೆಲ್ಲ ಅತ್ತೆಯ ಒಂದು ಹಿಡಿ ಪಂಚಕಜ್ಜಾಯಕ್ಕೆ ನೀರಿನಲ್ಲಿ ಹೋಮವಾಗುತ್ತದೆ. ಹಂಝ ನಗುತ್ತಾನೆ. ಅವನ ಹೆಂಡತಿಯನ್ನು ತಾನು ಈಗಷ್ಟೇ ಮೂದಲಿಸಿದ್ದೇನೆ. ಬೆಳ್ಳಾರೆಗೆ ಸುದ್ದಿ ಮುಟ್ಟುತ್ತದೆ, ಭಟ್ಟರು ಸಾಯುವವರೆಗೆ ತಮಾಷೆ ಮಾಡುತ್ತಾರೆ. ಮತ್ತೆ ಹುಡುಗಿಯೇ ಏನೂ ಇಲ್ಲವೆಂದು ತಲೆಯಾಡಿಸಿದ್ದಾಳಲ್ಲ, ಓದಿದವಳು, ತಿಳಿದವಳು, ಏನೂ ಆಗುವುದಿಲ್ಲ ಎಂದು ಗೊತ್ತಿದ್ದೇ ತಿಂದಿರಬೇಕು. ದೇವರ ಪ್ರಸಾದದಿಂದ ಕೇಡಾಗುವುದುಂಟೇ? ಅವನು ನೋಡಿಕೊಳ್ಳಲಿ. ಹೀಗೆಂದು ಕಣ್ಣು ಮುಚ್ಚಿ ಕೈ ಮುಗಿಯಲು ಹೊರಟವಳಿಗೆ ಒಮ್ಮೆಲೇ ತನ್ನ ಮೇಲೆಯೇ ಹೇಸಿಗೆಯಾಯಿತು. ತನಗೆ ಬೈಗಳು ಬೀಳಬಾರದೆಂದು ದೇವರನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದೇನೆ. ಅಲ್ಲಿ ಅಕ್ಕಿಮೂಟೆಗಳ ಪಕ್ಕ ಕೂತವಳನ್ನು ಜನ ಸುತ್ತಿಬಳಸಿ ಹೋದರಂತೆ, ಇಲ್ಲಿ ತಾನು ಮಾಡುತ್ತಿರುವುದೇನು?

ಮಡಿಲಲ್ಲಿದ್ದ ಕನ್ನಡಕ ನೆಲಕ್ಕೆ ಬಿತ್ತು. ಅವಳು ಎತ್ತಲಿಲ್ಲ. ಥಿಯೇಟರಿನ ಕೆಂಪು ಅಕ್ಷರದ ಬಾಗಿಲನ್ನು ಎರಡೂ ಕೈಗಳಿಂದ ದೂಡಿ ಒಳಗೆ ಹೋದಳು. ಒಳಗೆ ಇನ್ನೊಂದು ಬಾಗಿಲು, ತಣ್ಣಗಿನ ಗಾಳಿ, ಮದ್ದಿನ ವಾಸನೆ. ನರ್ಸ್ ದೀಪ್ತಿ ಓಡಿ ಬಂದು ಕೈ ಅಡ್ಡ ಹಿಡಿದಳು. "ಅಮ್ಮಾ, ಇಲ್ಲಿಗೆ ಬರ್ಬಾರ್ದು!"

"ಪ್ರಸಾದ," ಎಂದಳು ಮೂಕಾಂಬಿಕಾ. ಅವಳಿಗೆ ಉಸಿರೇ ಸಿಗುತ್ತಿರಲಿಲ್ಲ. "ದೇವಸ್ಥಾನದ ಪ್ರಸಾದ, ಸಮನ್ವಿತಾಗೆ..."

"ಆಯ್ತು ಅಮ್ಮ, ಆಪರೇಷನ್ ಆದ ಮೇಲೆ ಕೊಡುವಾ. ಈಗ ಎಂತದೂ ಕೊಡ್ಲಿಕ್ಕಿಲ್ಲ. ನೀವು ಹೊರಗೆ ಕೂತ್ಕೊಳ್ಳಿ, ಹೆದರ್ಬೇಡಿ" ಎಂದು ದೀಪ್ತಿ ಮಕ್ಕಳಿಗೆ ಹೇಳುವಂತೆ ಹೇಳಿ ಭುಜ ಹಿಡಿದು ಹೊರಕ್ಕೆ ತಿರುಗಿಸಿದಳು. ಅವಳು ಒಳ್ಳೆಯ ಹುಡುಗಿ, ಅವಳ ಕೈ ಮೃದುವಾಗಿತ್ತು, ಆ ಮೃದುವಾದ ಕೈ ತನ್ನನ್ನು ಬಾಗಿಲಿನಾಚೆ ದೂಡುತ್ತಿತ್ತು.

"ಕೊಡ್ಲಿಕ್ಕೆ ಅಲ್ಲ ಮಾರಾಯ್ತಿ!" ಎಂದು ಮೂಕಾಂಬಿಕಾ ಕಿರುಚಿದಳು. "ಕೊಟ್ಟಾಗಿದೆ! ಬೆಳಿಗ್ಗೆ ತಿಂದಿದ್ದಾಳೆ ಅವಳು! ಪಂಚಕಜ್ಜಾಯ, ಬಾಳೆಹಣ್ಣು, ನಾನೇ ತಿನ್ನಿಸಿದ್ದು! ಮಂಪರು ಕೊಡ್ಬೇಡಿ, ಮಹಾಲಿಂಗೇಶ್ವರಾ, ಕೊಡ್ಬೇಡಿ!"

ಗಂಡನ ಹೆಸರು ಬಾಯಿಯಿಂದ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಹೊರಗಿನ ಕುರ್ಚಿಗಳಲ್ಲಿ ಕೂತವರೆಲ್ಲ ಎದ್ದು ನಿಂತಿದ್ದರು. ದೀಪ್ತಿ ಅವಳ ಭುಜ ಬಿಟ್ಟು ಒಳಗೆ ಓಡಿದಳು. ಒಳಗಿನ ಬಾಗಿಲು ಬೀಸಿ ಮುಚ್ಚಿಕೊಂಡಿತು. ಮತ್ತೆ ಏನೂ ಕೇಳಿಸಲಿಲ್ಲ. ಆ ಹೊತ್ತು ಎಷ್ಟು ಉದ್ದವಿತ್ತೆಂದು ಮೂಕಾಂಬಿಕಾ ಆಮೇಲೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದಳು. ಗೋಡೆಗೆ ಒರಗಿ ನಿಂತು, ಹುಡುಗಿಯ ತುಟಿ ತಾಗಿದ ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

ಡಾಕ್ಟ್ರಮ್ಮ ಹೊರಗೆ ಬಂದು ಬೈದದ್ದು ಬೈದದ್ದೇ. ಸಿರಿಂಜು ಕೈಯಲ್ಲಿತ್ತು, ಇನ್ನೊಂದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಗೊತ್ತುಂಟಾ, ಕೇಳಿದಾಗ ಇಲ್ಲ ಅಂದಿರಲ್ಲ, ಇಷ್ಟು ಪ್ರಾಯವಾಗಿದೆ ನಿಮಗೆ, ದೇವರು ನಿಮಗೆ ಬುದ್ಧಿಯನ್ನೂ ಕೊಟ್ಟಿದ್ದಾನಲ್ಲ ಎಂದರು. ಮೂಕಾಂಬಿಕಾ ತಲೆ ತಗ್ಗಿಸಿ ನಿಂತಿದ್ದಳು. ಪ್ರತಿಯೊಂದು ಮಾತೂ ತಣ್ಣೀರಿನ ಹಾಗೆ ಬೀಳುತ್ತಿತ್ತು, ಹಾಯೆನಿಸುತ್ತಿತ್ತು. ಬೈಯಲಿ, ಇನ್ನೂ ಬೈಯಲಿ. ಬೈಯುತ್ತಿದ್ದಾರೆಂದರೆ ಏನೂ ಆಗಿಲ್ಲ ಎಂದರ್ಥ. ಇವತ್ತು ಇನ್ನು ಆಗುವುದಿಲ್ಲ, ಸರ್ಜನ್ ಮತ್ತೆ ಬರುವುದು ಶನಿವಾರ, ಆ ದಿನ ನೋಡುವಾ ಎಂದು ಹೇಳಿ ಅವರು ಒಳಗೆ ಹೋದರು. ಹಂಝ ಕನ್ನಡಕವನ್ನು ಹೆಕ್ಕಿ ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ನಗಲಿಲ್ಲ. "ಒಡೆದಿಲ್ಲ ಅಮ್ಮ" ಎಂದಷ್ಟೇ ಹೇಳಿದ.

ಕೋಣೆಯಲ್ಲಿ ಸಮನ್ವಿತಾ ಮಂಚದ ಮೇಲೆ ಕೂತಿದ್ದಳು, ಆಸ್ಪತ್ರೆಯ ದೊಗಳೆ ಹಸಿರು ಅಂಗಿಯಲ್ಲಿ ಭುಜಗಳು ತುಂಬ ಸಣ್ಣದಾಗಿ ಕಾಣುತ್ತಿದ್ದವು. ಮೂಕಾಂಬಿಕಾ ಕನ್ನಡಕ ಕೊಟ್ಟಳು. ಅವಳು ಹಾಕಿಕೊಂಡು, ಅತ್ತೆಯನ್ನು ಸರಿಯಾಗಿ ನೋಡಿ, "ಸಾರಿ ಅತ್ತೆ. ಎಲ್ಲರ ಎದುರು ನಿಮಗೆ ಬೈದರಲ್ಲ" ಎಂದಳು.

"ನಿಮಗೆ... ನಿನಗೆ ಗೊತ್ತಿತ್ತಾ? ತಿನ್ನಬಾರದು ಅಂತ?"

"ಗೊತ್ತಿತ್ತು."

"ಮತ್ತೆ ಯಾಕೆ ತಿಂದದ್ದು?"

"ನೀವು ಬಾಯಿಗೆ ಇಟ್ಟಿರಿ." ಅವಳು ಸೂಜಿ ಚುಚ್ಚಿದ ಕೈಯನ್ನು ನೋಡುತ್ತ ಹೇಳಿದಳು. "ಒಂದು ಚೂರು ತಾನೇ ಅಂದುಕೊಂಡೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗಲಿಲ್ಲ."

"ಡಾಕ್ಟ್ರು ಕೇಳುವಾಗ ಹೇಳ್ಬಹುದಿತ್ತಲ್ಲ?"

"ನೀವು ಇಲ್ಲ ಅಂದುಬಿಟ್ಟಿರಿ. ನಾನು ಹೌದು ಅಂದ್ರೆ ನಿಮಗೆ ಬೈತಿದ್ದರು. ನಿಮಗೆ ಬೇಜಾರಾಗಿ..." ಅವಳು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು. "ಬೇಜಾರಾಗಿ ನೀವು ಮನೆಗೆ ಹೋಗಿಬಿಟ್ಟರೆ ಅಂತ ಹೆದರಿಕೆ ಆಯ್ತು. ಒಳಗೆ ಮಲಗಿದ ಮೇಲೆ ಅದಕ್ಕಿಂತ ಹೆದರಿಕೆ ಆಯ್ತು. ಹೇಳೋಣ ಹೇಳೋಣ ಅಂತ ಇದ್ದೆ. ಅಷ್ಟರಲ್ಲಿ ನಿಮ್ಮ ದನಿ ಕೇಳಿಸಿತು."

ಮೂಕಾಂಬಿಕಾ ಮಂಚದ ಹತ್ತಿರಕ್ಕೆ ಬಂದಳು. ಸಮುದ್ರ ದಾಟುವಾಗ ಹೆದರದವಳು, ಹೊಟ್ಟೆ ಕೊಯ್ಯಿಸಿಕೊಳ್ಳಲು ಒಬ್ಬಳೇ ಬಂದು ಲಾಡ್ಜಿನಲ್ಲಿ ಇಳಿದವಳು, ತಾನು ಬೆಳ್ಳಾರೆಯ ಬಸ್ಸು ಹತ್ತಿಬಿಟ್ಟರೆ ಎಂದು ಹೆದರಿದಳಂತೆ. ಅದಕ್ಕಾಗಿ ಬಾಯಿ ಮುಚ್ಚಿಕೊಂಡು ಆ ಮೇಜಿನ ಮೇಲೆ ಮಲಗಿದಳಂತೆ. ಅಳು ಬರುತ್ತದೆಂದು ಮೂಕಾಂಬಿಕಾ ತಿಳಿದಿದ್ದಳು. ಬಾಯಿ ಬಿಟ್ಟಾಗ ಹೊರಗೆ ಬಂದದ್ದು ಸಿಟ್ಟು, ಅದೂ ಅಡುಗೆಮನೆಯಲ್ಲಿ, ಅಂಗಳದಲ್ಲಿ, ತನ್ನವರೆಂಬ ತನ್ನವರಿಗೆಲ್ಲ ಬೈದ ಮಾತಿನಲ್ಲಿ.

"ನಿನಗೆ ಮಂಡೆ ಸಮ ಇದ್ದಾ ಕೂಸೆ? ಎನಗೆ ಗೊಂತಿಲ್ಲೆ, ಆನು ಕೊಟ್ಟೆ. ನಿನಗೆ ಗೊಂತಿದ್ದಲ್ಲದಾ? ಬೇಡ ಹೇಳಿ ಒಂದು ಮಾತು ಹೇಳ್ಲೆ ಎಂತ ದಾಡಿ ನಿನಗೆ? ಎಂತಾರು ಆಗಿದ್ದರೆ ನಿನ್ನ ಅಪ್ಪಂಗೆ ಆನು ಎಂತ ಹೇಳಲಿ? ಅತ್ತೆಗೆ ಬೇಜಾರ ಅಪ್ಪಲಾಗ ಹೇಳಿ ಜೀವ ಕೊಡ್ತೆಯಾ? ಆರು ಬೈದರೂ ನಿನ್ನ ಬಿಟ್ಟಿಕ್ಕಿ ಆನು ಎಲ್ಲಿಗೆ ಹೋಪದು?"

ಯಾರು ಬೈದರೂ ನಿನ್ನನ್ನು ಬಿಟ್ಟು ಹೋಗೆನೆಂಬ ಕೊನೆಯ ಮಾತಿಗೆ ಬರುವಾಗ ಸ್ವರ ಎಷ್ಟು ಏರಿತ್ತೆಂದರೆ ಬಾಗಿಲಲ್ಲಿ ಯಾರೋ ಇಣುಕಿ ಹೋದರು. ಮೂಕಾಂಬಿಕಾ ಏದುಸಿರು ಬಿಡುತ್ತ ನಿಂತಳು. ಹುಡುಗಿ ಕಣ್ಣು ಪಿಳುಕಿಸದೆ ಅವಳನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ, ಈ ಭಾಷೆ ಅವಳಿಗೆ ಎಲ್ಲಿಂದ ಬರಬೇಕು ಎಂದು ಮೂಕಾಂಬಿಕಾ ಅಂದುಕೊಳ್ಳುವಷ್ಟರಲ್ಲಿ ಹುಡುಗಿಯ ಗಲ್ಲ ನಡುಗತೊಡಗಿತು, ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. "ಅಪ್ಪ ಸಿಟ್ಟು ಬಂದಾಗ ಮಾತ್ರ ಹೀಗೆ ಮಾತಾಡ್ತಿದ್ದರು" ಎಂದಳು. ಮತ್ತೆ ಮೂಗು ಒರೆಸಿಕೊಂಡು, ಯಾವ ಕಾಲದಲ್ಲೋ ಕಲಿತ ಮಾತನ್ನು ಹುಡುಕಿ ತೆಗೆಯುವಂತೆ ಒಂದೊಂದೇ ಶಬ್ದವಾಗಿ ಹೇಳಿದಳು.

"ಅತ್ತೆ, ಎನಗೆ ಹಶು ಆವ್ತು."

ಮೂಕಾಂಬಿಕಾ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು, ಅಂಟಂಟಾದ ಬೆರಳುಗಳು ಕೂದಲಿಗೆ ತಾಗುತ್ತವೆಂದು ನೋಡಲಿಲ್ಲ. ಹಸಿವೆಯಾದರೆ ಇವತ್ತು ಏನು ಬೇಕಾದರೂ ತಿನ್ನಬಹುದೆಂದು ದೀಪ್ತಿ ಆಗಲೇ ಹೇಳಿ ಹೋಗಿದ್ದಳು. ಮೂಕಾಂಬಿಕಾ ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆದಳು, ಮುಚ್ಚಳಕ್ಕೆ ಕೈ ಹಾಕಿದಳು, ನಿಲ್ಲಿಸಿದಳು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿನ ತುದಿಯವರೆಗೆ ನಡೆದು ಹೋಗಿ, ಇದನ್ನು ಕೊಡಬಹುದೇ ಎಂದು ದೀಪ್ತಿಯನ್ನು ಇನ್ನೊಮ್ಮೆ ಕೇಳಿ ಬಂದಳು.